ಕೆ. ಚೆಂಗಲರಾಯ ರೆಡ್ಡಿಯವರು ಮತ್ತು ಮೈಸೂರಿನ ಮೊದಲ ಮಂತ್ರಿಮಂಡಲ

ರಾಜ್ಯದಲ್ಲಿ ಹೊಸ ಮಂತ್ರಿಮಂಡಲ ರಚನೆಯಾಗುವಾಗಲೆಲ್ಲ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳ ಅರಳಿಕಟ್ಟೆಗಳ ಮೇಲೆ ಒಂದೇ ಮಾತು ಕೇಳಿಬರುವುದುಂಟು. ನಮ್ಮ ಜಿಲ್ಲೆಯವರು ಯಾರಿದ್ದಾರೆ, ನಮ್ಮ ಜನ ಯಾರಿದ್ದಾರೆ, ನಮ್ಮವರನ್ನು ಏಕೆ ಬಿಟ್ಟರು ಎಂಬುದೇ ಆ ಮಾತು. ಕೇಳುವವರಲ್ಲಿ ಓದಿದವರೂ ಇರುತ್ತಾರೆ, ಓದದವರೂ ಇರುತ್ತಾರೆ. ಇದು ತಪ್ಪೆಂದು ಹೇಳಲಾಗದು. ಕಂದಾಯ ಕೊಡುವವನು, ಮತ ಕೊಡುವವನು ತನ್ನನ್ನಾಳುವವರ ಪಟ್ಟಿಯಲ್ಲಿ ತನ್ನ ಊರಿನ ಹೆಸರನ್ನು ಹುಡುಕುವುದು ಸಹಜವೇ. ಆದರೆ ಈ ಪ್ರಶ್ನೆಯನ್ನು ಕೇಳುವ ಹಕ್ಕು ನಮಗೆ ಯಾವಾಗ ಬಂದಿತು, ಅದನ್ನು ತಂದುಕೊಟ್ಟವರು ಯಾರು, ಮೊಟ್ಟಮೊದಲು ಆ ಪಟ್ಟಿಯನ್ನು ಸಿದ್ಧಪಡಿಸಬೇಕಾಗಿ ಬಂದವರು ಎಂಥ ಇಕ್ಕಟ್ಟಿನಲ್ಲಿ ಸಿಲುಕಿದ್ದರು ಎಂಬುದನ್ನು ನೆನೆಯುವವರು ವಿರಳ. ಆ ಮೊದಲ ಪಟ್ಟಿಗೆ ಹೊಣೆಯಾದವರು ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾದ ಶ್ರೀ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು. ಅವರ ಜೀವನವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ರೆಡ್ಡಿಯವರು ಹುಟ್ಟಿದ್ದು ೧೯೦೨ನೆಯ ಇಸವಿ ಮೇ ೪ರಂದು, ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ. ಚಿನ್ನದ ಗಣಿಗಳಿಗೆ ಹತ್ತಿರವಿರುವ ಊರು ಅದು. ಅದೇ ವರ್ಷ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪನ್ನವಾದ ವಿದ್ಯುಚ್ಛಕ್ತಿ ಸುಮಾರು ೯೨ ಮೈಲಿಗಳ ತಂತಿಯ ಮೂಲಕ ಕೋಲಾರದ ಗಣಿಗಳಿಗೆ ಹರಿಯಿತು. ನೀರು ನಮ್ಮದು, ಬೆಟ್ಟ ನಮ್ಮದು; ಬೆಳಕು ಹೋದದ್ದು ವಿಲಾಯಿತಿ ಕಂಪನಿಯ ಗಣಿಗಳಿಗೆ. ಹಾಗೆ ಮಾಡಬೇಕೆಂದು ತೀರ್ಮಾನಿಸಿದವರು ದಿವಾನರು. ಮಳವಳ್ಳಿಯ ರೈತನನ್ನು ಕೇಳುವ ಪದ್ಧತಿ ಆಗ ಇರಲಿಲ್ಲ. ಗಣಿಯ ಆಳದಲ್ಲಿ ದುಡಿಯುವ ಕೂಲಿಯವನನ್ನು ಕೇಳುವ ಪದ್ಧತಿಯೂ ಇರಲಿಲ್ಲ. ಆ ಕೆಲಸದಿಂದ ನಾಡಿಗೆ ಒಳ್ಳೆಯದಾಯಿತೆಂಬುದು ಬೇರೆಯ ಮಾತು. ಕೇಳದೆ ಮಾಡಿದ ಒಳ್ಳೆಯದು ಎಷ್ಟು ದಿನ ಸಾಕು ಎಂಬುದೇ ಮುಂದೆ ರೆಡ್ಡಿಯವರ ತಲೆಮಾರಿನವರು ಎತ್ತಿದ ಪ್ರಶ್ನೆ.

ಮೈಸೂರು ಸಂಸ್ಥಾನದ ಆಳ್ವಿಕೆ ಹಿಂದುಳಿದದ್ದಾಗಿರಲಿಲ್ಲ. ೧೮೮೧ರಲ್ಲಿಯೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ಸರ್ ಎಂ. ವಿಶ್ವೇಶ್ವರಯ್ಯ, ಸರ್ ಮಿರ್ಜಾ ಇಸ್ಮಾಯಿಲ್ ಮೊದಲಾದ ದಿವಾನರು ಅಣೆಕಟ್ಟುಗಳನ್ನೂ ಕಾರ್ಖಾನೆಗಳನ್ನೂ ಕಟ್ಟಿಸಿ ಸಂಸ್ಥಾನಕ್ಕೆ ಮಾದರಿ ಸಂಸ್ಥಾನವೆಂಬ ಹೆಸರನ್ನು ತಂದರು. ಆದರೆ ಸಭೆಯ ಸದಸ್ಯರು ಅಹವಾಲು ಹೇಳಿಕೊಳ್ಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ದಿವಾನರನ್ನು ಅಲುಗಿಸುವ ಶಕ್ತಿ ಅವರಿಗಿರಲಿಲ್ಲ. ದಿವಾನರನ್ನು ನೇಮಿಸುವವರು ಮಹಾರಾಜರು. ದಿವಾನರು ಉತ್ತರ ಹೇಳಬೇಕಾದದ್ದೂ ಮಹಾರಾಜರಿಗೇ. ೧೯೪೦ರ ಸುಧಾರಣೆಯ ಮೇಲೆ ಶಾಸನಸಭೆಗಳ ಸದಸ್ಯರಲ್ಲಿ ಕೆಲವರನ್ನು ಮಂತ್ರಿಗಳನ್ನಾಗಿ ತೆಗೆದುಕೊಳ್ಳುವ ಕ್ರಮ ಬಂದರೂ, ಅವರನ್ನು ಇಟ್ಟುಕೊಳ್ಳುವ ಅಥವಾ ಬಿಡುವ ಅಧಿಕಾರ ಸಭೆಗೆ ಬರಲಿಲ್ಲ. ಸಭೆಯ ವಿಶ್ವಾಸವಿರುವವರೆಗೆ ಮಾತ್ರ ಮಂತ್ರಿಗಳು ಉಳಿಯಬೇಕೆಂಬುದಕ್ಕೆ ಜವಾಬ್ದಾರಿ ಸರ್ಕಾರವೆಂದು ಹೆಸರು. ಈ ಎರಡು ಪದಗಳಿಗಾಗಿ ನಮ್ಮ ಹಿರಿಯರು ಹತ್ತು ವರ್ಷ ಹೋರಾಡಬೇಕಾಯಿತು.

ನ್ಯಾಯಶಾಸ್ತ್ರದ ಪದವಿ ಪಡೆದ ರೆಡ್ಡಿಯವರು ೧೯೩೦ರಲ್ಲಿ ಕೆಲವರು ಗೆಳೆಯರೊಡನೆ ಕೂಡಿ ಪ್ರಜಾಪಕ್ಷವನ್ನು ಕಟ್ಟಿದರು. ಜವಾಬ್ದಾರಿ ಸರ್ಕಾರವೇ ಅದರ ಮುಖ್ಯ ಗುರಿಗಳಲ್ಲಿ ಒಂದು. ಪಟ್ಟಣಗಳ ವಕೀಲರ ಕೊಠಡಿಗಳಲ್ಲಿಯೇ ರಾಜಕೀಯ ನಡೆಯುತ್ತಿದ್ದ ಆ ದಿನಗಳಲ್ಲಿ ಈ ಪಕ್ಷ ಹಳ್ಳಿಗಳ ಕಡೆಗೆ, ರೈತರ ಕಷ್ಟಗಳ ಕಡೆಗೆ ತಿರುಗಿತು. ಆಗ ಹಳ್ಳಿಗಳಲ್ಲಿ ಕಷ್ಟಗಳಿಗೇನೂ ಬರವಿರಲಿಲ್ಲ. ಜಗತ್ತಿನ ಆರ್ಥಿಕ ಮುಗ್ಗಟ್ಟಿನಿಂದ ಬೆಳೆಯ ಬೆಲೆ ಬಿದ್ದುಹೋಗಿತ್ತು. ನಮ್ಮ ಮಂಡ್ಯದ ಸೀಮೆಗೆ ಕೃಷ್ಣರಾಜಸಾಗರದ ನಾಲೆ ಬರುತ್ತಿದ್ದ ಕಾಲವೂ ಅದೇ. ನಾಲೆಗೆ ಇಟ್ಟ ಹೆಸರು ಆಗಿನ ವೈಸರಾಯ್ ಇರ್ವಿನ್ ಪ್ರಭುಗಳದು. ನೀರಿಗೆ ವಂತಿಗೆ ಕೊಡಬೇಕಾದವನು ಇಲ್ಲಿಯ ರೈತ. ಆ ವಂತಿಗೆಯ ವಿಷಯವಾಗಿ ಇಲ್ಲಿ ಬಹಳ ಅಸಮಾಧಾನವೆದ್ದಿತು. ಇಂದು ಅದೇ ನಾಲೆಯನ್ನು ನಾವು ವಿಶ್ವೇಶ್ವರಯ್ಯ ನಾಲೆಯೆಂದು ಕರೆಯುತ್ತೇವೆ. ಹೆಸರು ಬದಲಾದದ್ದರ ಹಿಂದೆ ಆಳ್ವಿಕೆ ಬದಲಾದದ್ದರ ಕಥೆಯಿದೆ.

ಒಂಟಿಯಾಗಿ ಏನೂ ಸಾಗದೆಂಬುದನ್ನು ರೆಡ್ಡಿಯವರು ಬೇಗನೆ ಕಂಡುಕೊಂಡರು. ಬ್ರಾಹ್ಮಣೇತರರ ಏಳಿಗೆಗಾಗಿ ೧೯೧೭ರಲ್ಲಿ ಸ್ಥಾಪಿತವಾಗಿದ್ದ ಪ್ರಜಾಮಿತ್ರ ಮಂಡಲಿಯೊಡನೆ ಪ್ರಜಾಪಕ್ಷ ಸೇರಿತು. ೧೯೩೪ರ ಸುಮಾರಿಗೆ ಪ್ರಜಾಸಂಯುಕ್ತ ಪಕ್ಷವೆಂಬುದು ರೂಪುಗೊಂಡಿತು. ೧೯೩೫ರಿಂದ ೧೯೩೭ರವರೆಗೆ ರೆಡ್ಡಿಯವರೇ ಅದರ ಅಧ್ಯಕ್ಷರು. ೧೯೩೭ರಲ್ಲಿ ಆ ಪಕ್ಷವೂ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಅಧ್ಯಕ್ಷನಾದವನು ತನ್ನ ಪಕ್ಷವನ್ನು ತಾನೇ ಇನ್ನೊಂದರಲ್ಲಿ ಕರಗಿಸುವುದು ಸುಲಭದ ಮಾತಲ್ಲ. ಎರಡು ಬಾರಿ ಹೀಗೆ ಮಾಡಿದವರ ಸ್ವಭಾವವೆಂಥದೆಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ಬೇರೆ ಬೇರೆ ಮನೆಗಳಿಂದ ಬಂದವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಅಭ್ಯಾಸ ರೆಡ್ಡಿಯವರಿಗೆ ಮುಖ್ಯಮಂತ್ರಿಯಾಗುವುದಕ್ಕೆ ಹತ್ತು ವರ್ಷ ಮುಂಚೆಯೇ ಆಗಿತ್ತು. ೧೯೩೭-೩೮ರಲ್ಲಿ ಅವರು ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾದರು.

೧೯೩೮ರ ಫೆಬ್ರವರಿಯಲ್ಲಿ ಹರಿಪುರದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ಸು ಸಂಸ್ಥಾನಗಳ ಹೋರಾಟವನ್ನು ಆಯಾ ಸಂಸ್ಥಾನದ ಪ್ರಜೆಗಳೇ ನಡೆಸಿಕೊಳ್ಳಬೇಕೆಂದು ನಿರ್ಣಯಿಸಿತು. ಎರಡು ತಿಂಗಳೊಳಗೆ ಮೈಸೂರು ಅದಕ್ಕೆ ಉತ್ತರ ಕೊಟ್ಟಿತು. ಆ ಉತ್ತರ ಹೊರಟದ್ದು ನಮ್ಮ ಮದ್ದೂರಿನಿಂದ. ಶಿಂಷಾ ನದಿಯ ದಂಡೆಯ ಶಿವಪುರದಲ್ಲಿ ಏಪ್ರಿಲ್ ೧೧, ೧೨, ೧೩ರಂದು ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಆಗಿನ್ನೂ ಮಂಡ್ಯ ಜಿಲ್ಲೆ ಹುಟ್ಟಿರಲಿಲ್ಲ. ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದುವು. ಅಧಿವೇಶನದ ಅಧ್ಯಕ್ಷರು ಶ್ರೀ ಟಿ. ಸಿದ್ಧಲಿಂಗಯ್ಯನವರು. ಏರ್ಪಾಟಿಗೆ ಹೆಗಲು ಕೊಟ್ಟವರಲ್ಲಿ ಚಿತ್ರಗುಪ್ತ ಪತ್ರಿಕೆಯ ಎಚ್. ಕೆ. ವೀರಣ್ಣಗೌಡರು, ಸಾಹುಕಾರ್ ಚನ್ನಯ್ಯನವರು ಪ್ರಮುಖರು. ಕಾಂಗ್ರೆಸ್ ಬಾವುಟವನ್ನು ಏರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆಯಿತ್ತು. ಸಾವಿರಾರು ಜನ ಎತ್ತಿನ ಗಾಡಿಗಳಲ್ಲಿಯೂ ಕಾಲ್ನಡಿಗೆಯಲ್ಲಿಯೂ ಬಂದು ನೆರೆದರು. ಅಧ್ಯಕ್ಷರು ಬಾವುಟವನ್ನು ಹಿಡಿದರು, ಸೆರೆಯಾದರು. ಇನ್ನೊಬ್ಬರು ಮುಂದೆ ಬಂದರು, ಅವರೂ ಸೆರೆಯಾದರು. ಹೀಗೆ ಒಬ್ಬರಾದ ಮೇಲೊಬ್ಬರು. ಆ ಕಾಂಗ್ರೆಸ್ಸಿನ ಮುಂದಾಳುಗಳಲ್ಲಿ ರೆಡ್ಡಿಯವರೂ ಒಬ್ಬರು.

ಶಿವಪುರದ ಕಿಡಿ ರೆಡ್ಡಿಯವರ ಜಿಲ್ಲೆಗೂ ಹಾರಿತು. ಅದೇ ಏಪ್ರಿಲ್ ೨೫ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ವಿಷಯದಲ್ಲಿ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಮುಂದಿನ ತಿಂಗಳು ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಅವರೊಡನೆ ಮಾತನಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಏರಿಸಬಹುದೆಂದು ಒಪ್ಪಂದವಾಯಿತು. ಎರಡು ಬಾವುಟಗಳು ಪಕ್ಕಪಕ್ಕದಲ್ಲಿ ಹಾರಬಹುದೆಂಬ ಈ ಒಪ್ಪಂದವನ್ನು ಕೆಲವರು ಸೋಲೆಂದರು, ಕೆಲವರು ಗೆಲುವೆಂದರು. ರೆಡ್ಡಿಯವರ ಮುಂದಿನ ಬಾಳಿನಲ್ಲಿ ಇದೇ ಬಗೆಯ ಪಕ್ಕಪಕ್ಕದ ಏರ್ಪಾಟು ಇನ್ನೊಮ್ಮೆ ಬರುವುದನ್ನು ನಾವು ನೋಡಲಿದ್ದೇವೆ.

ಒಂಬತ್ತು ವರ್ಷಗಳು ಕಳೆದುವು. ೧೯೪೨ರ ಚಳವಳಿ, ಯುದ್ಧ, ಆಹಾರದ ಅಭಾವ ಎಲ್ಲವೂ ಬಂದುಹೋದುವು. ೧೯೪೬-೪೭ರಲ್ಲಿ ರೆಡ್ಡಿಯವರು ಮತ್ತೆ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ೧೯೪೭ರ ಆಗಸ್ಟ್ ೧೫ರಂದು ದೇಶ ಸ್ವತಂತ್ರವಾಯಿತು. ಮಹಾರಾಜ ಜಯಚಾಮರಾಜ ಒಡೆಯರು ಅದಕ್ಕೆ ಮುನ್ನವೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಮಾಡಿದ್ದರು. ಆದರೂ ಮೈಸೂರಿನ ಪ್ರಜೆಗೆ ಒಂದು ವಿಚಿತ್ರ ಪರಿಸ್ಥಿತಿ ಒದಗಿತು. ದೆಹಲಿಯಲ್ಲಿ ಸ್ವರಾಜ್ಯ, ಮೈಸೂರಿನಲ್ಲಿ ದಿವಾನಗಿರಿ! ಆಗಿನ ದಿವಾನರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಮೇಧಾವಿಗಳು, ದೇಶವಿದೇಶಗಳಲ್ಲಿ ಹೆಸರಾದವರು. ಜವಾಬ್ದಾರಿ ಸರ್ಕಾರದ ಮಾತು ಮಾತ್ರ ಮುಂದಕ್ಕೆ ಸಾಗಲಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ರೆಡ್ಡಿಯವರೂ ಇತರ ಮುಖಂಡರೂ ಒಡನೆಯೇ ಸೆರೆಮನೆ ಸೇರಿದರು. ಚಳವಳಿ ನಿಲ್ಲಲಿಲ್ಲ. ತಾಲ್ಲೂಕು ಕಚೇರಿಗಳ ಮುಂದೆ ಸತ್ಯಾಗ್ರಹಗಳು ನಡೆದುವು. ಗಡಿಯಾಚೆಯ ಪ್ರಾಂತಗಳಲ್ಲಿ ಶಿಬಿರಗಳೆದ್ದುವು. ವಿದ್ಯಾರ್ಥಿಗಳು ಶಾಲೆ ಕಾಲೇಜುಗಳನ್ನು ಬಿಟ್ಟು ಬೀದಿಗಿಳಿದರು. ಮೈಸೂರು ನಗರದಲ್ಲಿ ರಾಮಸ್ವಾಮಿಯೆಂಬ ಹುಡುಗ, ನಮಗಿಂತಲೂ ಚಿಕ್ಕ ವಯಸ್ಸಿನ ವಿದ್ಯಾರ್ಥಿ, ಗುಂಡಿಗೆ ಬಲಿಯಾದನು. ಆ ವೃತ್ತಕ್ಕೆ ಇಂದಿಗೂ ಅವನ ಹೆಸರೇ ಇದೆ. ಒಂದು ತಿಂಗಳಿಗೂ ಮೀರಿ ಹೀಗೆ ನಡೆದ ಮೇಲೆ ಅಕ್ಟೋಬರಿನಲ್ಲಿ ಅರಮನೆಗೂ ಕಾಂಗ್ರೆಸ್ಸಿಗೂ ಒಪ್ಪಂದವಾಗಿ, ಮುಖಂಡರು ಬಿಡುಗಡೆಯಾದರು. ೧೯೪೭ರ ಅಕ್ಟೋಬರ್ ೨೫ರಂದು ರೆಡ್ಡಿಯವರು ಮುಖ್ಯಮಂತ್ರಿಗಳಾದರು.

ಸೆರೆಮನೆಯಿಂದ ಸರ್ಕಾರದ ಮನೆಗೆ ಬರಲು ಅವರಿಗೆ ಹಿಡಿದದ್ದು ಕೆಲವೇ ದಿನಗಳು. ಈಗ ಅವರ ಮುಂದಿದ್ದ ಕೆಲಸ ಹೋರಾಟಕ್ಕಿಂತಲೂ ಕಠಿಣವಾದುದು. ಬಾವುಟ ಹಿಡಿದು ಜೈಲಿಗೆ ಹೋಗುವ ಸಾಲಿನಲ್ಲಿ ಸಾವಿರ ಮಂದಿಗೂ ಸ್ಥಳವಿರುತ್ತದೆ. ಮಂತ್ರಿಮಂಡಲದಲ್ಲಿ ಇದ್ದದ್ದು ಒಂಬತ್ತೇ ಸ್ಥಾನ. ಆ ಒಂಬತ್ತರಲ್ಲಿಯೂ ಕಾಂಗ್ರೆಸ್ಸಿಗೆ ಆರು, ಕಾಂಗ್ರೆಸ್ಸಿಗೆ ಸೇರದವರಿಗೆ ಮೂರು ಎಂದು ಗೊತ್ತಾಯಿತು. ಕಾಂಗ್ರೆಸ್ಸಿನ ಪರವಾಗಿ ರೆಡ್ಡಿಯವರೊಡನೆ ಎಚ್. ಸಿ. ದಾಸಪ್ಪ, ಕೆ. ಟಿ. ಭಾಷ್ಯಂ, ಎಚ್. ಸಿದ್ಧಯ್ಯ, ಟಿ. ಮರಿಯಪ್ಪ, ಆರ್. ಚೆನ್ನಿಗರಾಮಯ್ಯ ಇವರು ಬಂದರು. ಹೊರಗಿನಿಂದ ಬಂದವರು ಡಿ. ಎಚ್. ಚಂದ್ರಶೇಖರಯ್ಯ, ಪಿ. ಸುಬ್ಬರಾಮ ಚೆಟ್ಟಿ, ಮಹಮದ್ ಷರೀಫ್.

ಈ ಹೆಸರುಗಳನ್ನು ಸುಮ್ಮನೆ ಓದಿಕೊಂಡು ಹೋದರೆ ಏನೂ ತೋರುವುದಿಲ್ಲ. ನಿಂತು ನೋಡಿದರೆ ಒಂದು ನಾಡಿನ ಚಿತ್ರವೇ ಕಾಣುತ್ತದೆ. ದಾಸಪ್ಪನವರು ಗಾಂಧೀಜಿಯ ಅನುಯಾಯಿಗಳು. ಭಾಷ್ಯಂ ಅವರು ಬೆಂಗಳೂರಿನ ಕಾರ್ಮಿಕರ ಪಕ್ಷ ವಹಿಸಿದ ವಕೀಲರು. ಚೆನ್ನಿಗರಾಮಯ್ಯನವರು ಶತಮಾನಗಳ ಕಾಲ ಊರ ಹೊರಗೆ ಇಡಲ್ಪಟ್ಟಿದ್ದ ಜನರಿಂದ ಬಂದವರು. ಇವರ ಪಕ್ಕದಲ್ಲಿ, ಚಳವಳಿಯ ಕಾಲದಲ್ಲಿ ಕಾಂಗ್ರೆಸ್ಸಿನ ಹೊರಗಿದ್ದ ಮೂವರು. ಸೆರೆಮನೆಯ ಗೋಡೆಯನ್ನು ಒಳಗಿನಿಂದ ಕಂಡವರೂ ಹೊರಗಿನಿಂದ ಕಂಡವರೂ ಒಂದೇ ಮೇಜಿನ ಸುತ್ತ ಕುಳಿತರು. ಇದರ ಮೇಲೆ ದಿವಾನರ ಹುದ್ದೆಯೂ ಕೂಡಲೇ ಹೋಗಲಿಲ್ಲ. ಮೊದಲಿಯಾರರು ೧೯೪೯ರವರೆಗೆ ಮಹಾರಾಜರಿಗೂ ಮಂತ್ರಿಗಳಿಗೂ ನಡುವಣ ಕೊಂಡಿಯಾಗಿ ಉಳಿದರು. ಯಾರ ವಿರುದ್ಧ ಚಳವಳಿ ನಡೆಯಿತೋ ಅವರೊಡನೆಯೇ ಸೇರಿ ಕೆಲಸ ಮಾಡಬೇಕು! ೧೯೩೮ರಲ್ಲಿ ಎರಡು ಬಾವುಟಗಳು ಪಕ್ಕಪಕ್ಕದಲ್ಲಿ ಹಾರಿದಂತೆ, ಈಗ ಎರಡು ಯುಗಗಳು ಪಕ್ಕಪಕ್ಕದಲ್ಲಿ ಕುಳಿತುವು.

ಚಳವಳಿಯಲ್ಲಿ ಬೆವರು ಸುರಿಸಿದವರಿಗೆ ಇದು ಹಿತವಾಗಿರಲಾರದು. ಉತ್ತವನೊಬ್ಬ, ಉಂಡವನೊಬ್ಬ ಎಂದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ವಿಶೇಷವಾಗಿ ನಮ್ಮ ಜಿಲ್ಲೆಯವರಿಗೆ ಹಾಗೆನ್ನಿಸಲು ಕಾರಣವಿತ್ತು. ಶಿವಪುರದ ಅಧ್ಯಕ್ಷ ಸಿದ್ಧಲಿಂಗಯ್ಯನವರ ಹೆಸರು ಆ ಒಂಬತ್ತರಲ್ಲಿಲ್ಲ. ವೀರಣ್ಣಗೌಡರ ಹೆಸರಿಲ್ಲ, ಸಾಹುಕಾರ್ ಚನ್ನಯ್ಯನವರ ಹೆಸರಿಲ್ಲ. ಬಾವುಟವನ್ನು ಮೊದಲು ಎತ್ತಿದ ನೆಲಕ್ಕೆ ಬಾವುಟ ಗೆದ್ದ ದಿನ ಸಿಕ್ಕಿದ್ದೇನು ಎಂದು ಯಾರಾದರೂ ಕೇಳಿದ್ದರೆ ಅವರ ಬಾಯಿ ಮುಚ್ಚಿಸುವುದು ಸುಲಭವಾಗುತ್ತಿರಲಿಲ್ಲ. ಇನ್ನೂ ದೊಡ್ಡದೊಂದು ಹೆಸರು ಹೊರಗುಳಿಯಿತು. ಅದು ಕೆಂಗಲ್ ಹನುಮಂತಯ್ಯನವರದು. ವಾಕ್ಶಕ್ತಿಯಲ್ಲಿ, ಧೈರ್ಯದಲ್ಲಿ, ಜನಬಲದಲ್ಲಿ ಅವರಿಗೆ ಸರಿಸಮರು ವಿರಳ. ಮುಂದೆ ಅವರು ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಸರ್ಕಾರ ಒಂದು ಕೈಯಲ್ಲಿ, ಪಕ್ಷ ಇನ್ನೊಂದು ಕೈಯಲ್ಲಿ ಎಂಬಂತಾಯಿತು. ಹೆಂಗಸರ ಮಾತನ್ನಂತೂ ಹೇಳುವುದೇ ಬೇಡ. ಯಶೋಧರಾ ದಾಸಪ್ಪನವರಂಥ ಮಹಿಳೆಯರು ಹೋರಾಟದಲ್ಲಿ ಗಂಡಸರಿಗೆ ಹಿಂದೆ ಬೀಳದೆ ನಡೆದಿದ್ದರು. ಒಂಬತ್ತು ಸ್ಥಾನಗಳಲ್ಲಿ ಒಂದೂ ಹೆಣ್ಣುಮಕ್ಕಳಿಗೆ ದೊರೆಯಲಿಲ್ಲ. ಅದೇ ವರ್ಷ ದೆಹಲಿಯ ಮಂತ್ರಿಮಂಡಲದಲ್ಲಿ ರಾಜಕುಮಾರಿ ಅಮೃತ ಕೌರ್ ಅವರು ಆರೋಗ್ಯ ಖಾತೆಯನ್ನು ವಹಿಸಿಕೊಂಡಿದ್ದರೆಂಬುದನ್ನು ನೆನೆದರೆ ಈ ಕೊರತೆ ಇನ್ನೂ ಎದ್ದುಕಾಣುತ್ತದೆ.

ಹಾಗಾದರೆ ರೆಡ್ಡಿಯವರು ಒಪ್ಪಿಕೊಂಡ ಆ ಆರು-ಮೂರರ ಏರ್ಪಾಟು ತಪ್ಪೇ? ಈ ಪ್ರಶ್ನೆಯನ್ನು ವಿವೇಚಿಸುವಾಗ ಬೇರೆಡೆ ಏನಾಯಿತೆಂಬುದನ್ನೂ ನೋಡುವುದು ಉಚಿತ. ಅಮೆರಿಕದಲ್ಲಿ ಹೊಸ ಅಧ್ಯಕ್ಷರು ತಮ್ಮ ಮಂತ್ರಿಗಳನ್ನು ಶಾಸನಸಭೆಯ ಹೊರಗಿನಿಂದ ಆರಿಸಿಕೊಳ್ಳುತ್ತಾರೆ. ಸೆನೆಟ್ ಸಭೆ ಒಪ್ಪಿದರೆ ಸಾಕು. ಅಷ್ಟು ಸ್ವಾತಂತ್ರ್ಯವಿದ್ದರೂ ೧೮೬೧ರಲ್ಲಿ ಅಬ್ರಹಾಂ ಲಿಂಕನ್ನರು ಆರಿಸಿಕೊಂಡದ್ದು ಯಾರನ್ನು? ಅಧ್ಯಕ್ಷಪದವಿಯ ಉಮೇದುವಾರಿಕೆಗಾಗಿ ತಮ್ಮೊಡನೆ ಸ್ಪರ್ಧಿಸಿದ್ದ ಸೀವರ್ಡ್, ಚೇಸ್, ಬೇಟ್ಸ್ ಮೊದಲಾದವರನ್ನೇ. ದೇಶ ಎರಡಾಗುತ್ತಿದ್ದ ಹೊತ್ತಿನಲ್ಲಿ ಸಮರ್ಥರು ಎದುರಾಳಿಗಳಾಗಿ ಹೊರಗಿರುವುದಕ್ಕಿಂತ ಒಳಗಿರುವುದು ಮೇಲೆಂದು ಅವರು ಬಗೆದಂತೆ ತೋರುತ್ತದೆ. ಅಷ್ಟು ದೂರ ಹೋಗುವುದೇಕೆ? ರೆಡ್ಡಿಯವರ ಮಂತ್ರಿಮಂಡಲಕ್ಕೆ ಎರಡೇ ತಿಂಗಳ ಹಿಂದೆ ಪಂಡಿತ ನೆಹರೂ ಅವರು ರಚಿಸಿದ ಸ್ವತಂತ್ರ ಭಾರತದ ಮೊದಲ ಮಂತ್ರಿಮಂಡಲದಲ್ಲಿ ಕಾಂಗ್ರೆಸ್ಸನ್ನು ಕಟುವಾಗಿ ಟೀಕಿಸಿದ್ದ ಡಾಕ್ಟರ್ ಅಂಬೇಡ್ಕರರಿದ್ದರು, ಹಿಂದೂ ಮಹಾಸಭೆಯ ಶ್ಯಾಮಪ್ರಸಾದ ಮುಖರ್ಜಿಯವರಿದ್ದರು, ಷಣ್ಮುಖಂ ಚೆಟ್ಟಿಯವರಿದ್ದರು. ಅಂಬೇಡ್ಕರರನ್ನು ಹೊರಗಿಟ್ಟಿದ್ದರೆ ನಮ್ಮ ಸಂವಿಧಾನದ ಗತಿ ಏನಾಗುತ್ತಿತ್ತೆಂದು ಇಂದು ಯಾರೂ ಕೇಳಬೇಕಾಗಿಲ್ಲ.

ಇದರಿಂದ ನಾವು ತಿಳಿಯಬೇಕಾದ ತತ್ತ್ವ ಒಂದಿದೆ. ಮಂತ್ರಿಪದವಿಯನ್ನು ತ್ಯಾಗಕ್ಕೆ ಕೊಡುವ ಬಹುಮಾನವೆಂದು ಎಣಿಸಿದರೆ ಸೆರೆಮನೆಯ ದಿನಗಳನ್ನು ಎಣಿಸಿ ಪದವಿಗಳನ್ನು ಹಂಚಬೇಕಾಗುತ್ತದೆ. ಆಗ ಚಳವಳಿಗೆ ಬಾರದವರೆಲ್ಲರೂ, ಚಳವಳಿಯನ್ನು ಕಂಡು ಹೆದರಿದವರೆಲ್ಲರೂ, ಹೊಸ ಸರ್ಕಾರಕ್ಕೆ ಪರಕೀಯರಾಗುತ್ತಾರೆ. ಜವಾಬ್ದಾರಿ ಸರ್ಕಾರದ ಜವಾಬ್ದಾರಿ ಗೆದ್ದವರಿಗೆ ಮಾತ್ರ ಸಲ್ಲತಕ್ಕದ್ದಲ್ಲ; ಸಂಸ್ಥಾನದ ಪ್ರತಿಯೊಬ್ಬ ಪ್ರಜೆಗೂ ಅದು ಸಲ್ಲಬೇಕು. ದೇಶ ಇಬ್ಭಾಗವಾಗಿ ಉತ್ತರದಲ್ಲಿ ರಕ್ತ ಹರಿಯುತ್ತಿದ್ದ ಆ ತಿಂಗಳುಗಳಲ್ಲಿ ಒಬ್ಬ ಮುಸಲ್ಮಾನರು ಮೈಸೂರಿನ ಮಂತ್ರಿಗಳಾಗಿ ಕುಳಿತದ್ದು ಸಣ್ಣ ಸಂಗತಿಯಲ್ಲ. ಊರ ಬಾವಿಗೆ ಹಗ್ಗ ಇಳಿಸಲು ಸಾಧ್ಯವಿಲ್ಲದಿದ್ದ ಜನರಿಂದ ಬಂದವರೊಬ್ಬರು ಆಜ್ಞೆಗಳಿಗೆ ಸಹಿ ಮಾಡಿದ್ದು ಸಣ್ಣ ಸಂಗತಿಯಲ್ಲ. ಶಿವಪುರದ ನಾಯಕರಿಗೆ ಪದವಿ ದೊರೆಯದೆ ಹೋದುದರಿಂದ ಆದ ನೋವು ನಿಜವೇ. ಆದರೆ ಅವರು ಬಾವುಟವನ್ನು ಎತ್ತಿದ್ದು ಪದವಿಗಾಗಿಯಲ್ಲ, ಪದವಿಯನ್ನು ಕೊಡುವ ಹಕ್ಕು ಜನರಿಗೆ ಬರಲೆಂದು. ಆ ಹಕ್ಕು ಬಂದಿತು.

ರೆಡ್ಡಿಯವರ ಆಳ್ವಿಕೆಯ ವಿವರಗಳನ್ನು ಸಂಕ್ಷೇಪವಾಗಿ ಹೇಳಬಹುದು. ಆಹಾರದ ಅಭಾವ, ಪಡಿತರ, ಬೆಲೆಯೇರಿಕೆ ಇವು ಅವರಿಗೆ ಬಳುವಳಿಯಾಗಿ ಬಂದ ಕಷ್ಟಗಳು. ದಿವಾನರ ಕಾಲದಲ್ಲಿ ಆರಂಭವಾಗಿದ್ದ ಜೋಗದ ವಿದ್ಯುದಾಗಾರ ೧೯೪೮ರಲ್ಲಿ ಕೆಲಸ ಮಾಡತೊಡಗಿತು. ಅದಕ್ಕೆ ಮುಂದೆ ಮಹಾತ್ಮಾ ಗಾಂಧಿಯವರ ಹೆಸರನ್ನಿಡಲಾಯಿತು. ೧೯೪೮ರಲ್ಲಿಯೇ ಎಲ್ಲ ಹಿಂದೂಗಳಿಗೂ ದೇವಾಲಯ ಪ್ರವೇಶವನ್ನು ಕೊಡುವ ಕಾನೂನಾಯಿತು. ಮೈಸೂರಿಗೆ ಪ್ರತ್ಯೇಕ ಸಂವಿಧಾನವನ್ನು ರಚಿಸಲೆಂದು ಸೇರಿದ ಸಭೆ, ಕೊನೆಗೆ ಭಾರತದ ಸಂವಿಧಾನವನ್ನೇ ಒಪ್ಪಿಕೊಳ್ಳಬೇಕೆಂದು ತೀರ್ಮಾನಿಸಿತು. ೧೯೪೯ರ ನವೆಂಬರ್ ೨೫ರಂದು ಮಹಾರಾಜರು ಅದರಂತೆ ಘೋಷಣೆ ಹ���ರಡಿಸಿದರು. ಸಾಮಾನ್ಯವಾಗಿ ಅಧಿಕಾರಕ್ಕೆ ಬಂದವರು ತಮ್ಮ ಅಧಿಕಾರವನ್ನು ಹಿಗ್ಗಿಸಿಕೊಳ್ಳಲು ನೋಡುತ್ತಾರೆ. ರೆಡ್ಡಿಯವರ ಕಾಲದಲ್ಲಿ ಮೈಸೂರು ತಾನಾಗಿಯೇ ದೊಡ್ಡದೊಂದರಲ್ಲಿ ಸೇರಿಕೊಂಡಿತು. ಎರಡು ಪಕ್ಷಗಳನ್ನು ಕರಗಿಸಿದ್ದವರ ಕಾಲದಲ್ಲಿ ಸಂಸ್ಥಾನವೇ ಒಂದು ದೇಶದಲ್ಲಿ ಕರಗಿತು. ರೆಡ್ಡಿಯವರು ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. ಅದೇ ಸಭೆಯಲ್ಲಿ ಹನುಮಂತಯ್ಯನವರೂ ಸಿದ್ಧಲಿಂಗಯ್ಯನವರೂ ಮೈಸೂರಿನ ಸದಸ್ಯರಾಗಿದ್ದರೆಂಬುದು ಗಮನಾರ್ಹ. ಮಂತ್ರಿಮಂಡಲದಲ್ಲಿ ಕೂಡದವರು ಸಂವಿಧಾನದ ಕೆಲಸದಲ್ಲಿ ಕೂಡಿದರು.

೧೯೫೧ರ ಜುಲೈ ೧೩ರಂದು ಬೆಂಗಳೂರಿನಲ್ಲಿ ಪಂಡಿತ ನೆಹರೂ ಅವರು ವಿಧಾನಸೌಧಕ್ಕೆ ಅಸ್ತಿಭಾರವಿಟ್ಟಾಗ ಮುಖ್ಯಮಂತ್ರಿಗಳಾಗಿದ್ದವರು ರೆಡ್ಡಿಯವರು. ಕಟ್ಟಿದವರು ಮಾತ್ರ ಹನುಮಂತಯ್ಯನವರು. ವಯಸ್ಕ ಮತದಾನದ ಮೊದಲ ಚುನಾವಣೆಯಾದ ಮೇಲೆ ಪಕ್ಷದ ಶಾಸಕರು ಹನುಮಂತಯ್ಯನವರನ್ನು ನಾಯಕರನ್ನಾಗಿ ಆರಿಸಿಕೊಂಡರು. ೧೯೫೨ರ ಮಾರ್ಚ್ ೩೦ರಂದು ಅವರು ಅಧಿಕಾರ ಸ್ವೀಕರಿಸಿದರು. ಹೊರಗೆ ಬಿಡಲ್ಪಟ್ಟ ಸಮರ್ಥನೊಬ್ಬ ಎಷ್ಟು ದೊಡ್ಡ ಶಕ್ತಿಯಾಗಬಲ್ಲನೆಂಬುದಕ್ಕೆ ಇದು ನಿದರ್ಶನ. ವಿರೋಧಿಗಳಲ್ಲಿ ಮೂವರನ್ನು ಪಕ್ಕದಲ್ಲಿ ಕೂರಿಸಿಕೊಂಡ ರೆಡ್ಡಿಯವರಿಗೆ ಸ್ವಪಕ್ಷದ ಆ ಒಬ್ಬರನ್ನು ಕೂರಿಸಿಕೊಳ್ಳುವುದು ಆಗಲಿಲ್ಲ. ಪರರೊಡನೆ ಹೊಂದಿಕೊಳ್ಳುವುದಕ್ಕಿಂತ ಮನೆಯವರೊಡನೆ ಹೊಂದಿಕೊಳ್ಳುವುದು ಕಷ್ಟವೆಂಬ ಹಿರಿಯರ ಅನುಭವ ರಾಜಕೀಯಕ್ಕೂ ಅನ್ವಯಿಸುತ್ತದೆ. ರೆಡ್ಡಿಯವರ ಗುಣವನ್ನು ಹೊಗಳುವವರು ಈ ಮಿತಿಯನ್ನೂ ಹೇಳಬೇಕು.

ಆದರೆ ಅಧಿಕಾರ ಕೈಬದಲಾದ ರೀತಿಯನ್ನು ನೋಡಿರಿ. ಗುಂಡಿಲ್ಲ, ಸೆರೆಯಿಲ್ಲ, ಚಲೋ ಇಲ್ಲ. ಶಾಸಕರು ಕೈಯೆತ್ತಿದರು, ಒಬ್ಬರು ಇಳಿದರು, ಇನ್ನೊಬ್ಬರು ಏರಿದರು. ೧೯೩೮ರಲ್ಲಿ ಶಿವಪುರದ ಜನ ಬಯಸಿದ್ದು ಇದನ್ನೇ. ಜವಾಬ್ದಾರಿ ಸರ್ಕಾರ ಬಂದಿತೆಂಬುದಕ್ಕೆ ರೆಡ್ಡಿಯವರು ಅಧಿಕಾರಕ್ಕೆ ಬಂದ ದಿನ ಒಂದು ಸಾಕ್ಷಿಯಾದರೆ, ಅವರು ಅಧಿಕಾರವನ್ನು ಬಿಟ್ಟ ದಿನ ಅದಕ್ಕಿಂತ ಬಲವಾದ ಸಾಕ್ಷಿ.

ಇಲ್ಲಿಂದ ಮುಂದೆ ಆರಿಸುವವರಾಗಿದ್ದ ರೆಡ್ಡಿಯವರು ಆರಿಸಲ್ಪಡುವವರಾದರು. ೧೯೫೨ರಲ್ಲಿ ರಾಜ್ಯಸಭೆಗೆ ಹೋದ ಅವರನ್ನು ನೆಹರೂ ಅವರು ಉತ್ಪಾದನಾ ಖಾತೆಯ ಮಂತ್ರಿಗಳನ್ನಾಗಿ ತೆಗೆದುಕೊಂಡರು. ೧೯೫೭ರಲ್ಲಿ ಕೋಲಾರದಿಂದ ಲೋಕಸಭೆಗೆ ಆರಿಸಿಬಂದ ಮೇಲೆ ಕಾಮಗಾರಿ, ವಸತಿ ಮತ್ತು ಸರಬರಾಜು ಖಾತೆಯನ್ನೂ, ಅನಂತರ ವಾಣಿಜ್ಯ ಮತ್ತು ಕೈಗಾರಿಕೆಯ ಖಾತೆಯನ್ನೂ ವಹಿಸಿದರು. ಒಂದು ರಾಜ್ಯದ ಮುಖ್ಯಸ್ಥಾನದಲ್ಲಿ ಕುಳಿತವರು ಇನ್ನೊಬ್ಬರ ಕೈಕೆಳಗೆ ದುಡಿಯಲು ಹಿಂಜರಿಯಲಿಲ್ಲ. ೧೯೬೫ರಲ್ಲಿ ಅವರು ಮಧ್ಯಪ್ರದೇಶದ ರಾಜ್ಯಪಾಲರಾದರು. ನಡುವೆ ಅಲ್ಪಕಾಲ ಬಿಟ್ಟರೆ ೧೯೭೧ರವರೆಗೆ ಅಲ್ಲಿದ್ದರು. ೧೯೬೭ರಲ್ಲಿ ಆ ರಾಜ್ಯದ ಕಾಂಗ್ರೆಸ್ಸು ಒಡೆದು ದ್ವಾರಕಾಪ್ರಸಾದ ಮಿಶ್ರರ ಸರ್ಕಾರ ಬಿದ್ದು, ಪಕ್ಷವನ್ನು ಬಿಟ್ಟುಬಂದ ಗೋವಿಂದ ನಾರಾಯಣ ಸಿಂಗರು ಮುಖ್ಯಮಂತ್ರಿಗಳಾದರು. ೧೯೬೯ರ ಮಾರ್ಚಿನಲ್ಲಿ ನರೇಶಚಂದ್ರ ಸಿಂಗರ ಸರ್ಕಾರ ಎರಡು ವಾರವೂ ಉಳಿಯದೆ ಬಿದ್ದು, ಶ್ಯಾಮಾಚರಣ ಶುಕ್ಲರು ಬಂದರು. ಇಷ್ಟೂ ನಡೆದದ್ದು ರೆಡ್ಡಿಯವರು ರಾಜ್ಯಪಾಲರಾಗಿದ್ದ ಕಾಲದಲ್ಲಿ. ಹತ್ತು ವರ್ಷ ಹೋರಾಡಿ ಒಂದು ಮಂತ್ರಿಮಂಡಲವನ್ನು ರಚಿಸಿದವರು, ವಾರಗಳಲ್ಲಿ ಹುಟ್ಟಿ ಸಾಯುವ ಮಂತ್ರಿಮಂಡಲವನ್ನೂ ಕಣ್ಣಾರೆ ಕಂಡರು. ೧೯೭೬ನೆಯ ಇಸವಿ ಫೆಬ್ರವರಿ ೨೭ರಂದು ರೆಡ್ಡಿಯವರು ತೀರಿಕೊಂಡರು.

ಇಂದು ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮದ್ದೂರಿನ ಬಳಿ ಹೋಗುವವರಿಗೆ ಶಿವಪುರದ ಸತ್ಯಾಗ್ರಹ ಸೌಧ ಕಾಣುತ್ತದೆ. ಬಸ್ಸಿನ ಕಿಟಕಿಯಿಂದ ಅದನ್ನು ನೋಡುವ ನಮ್ಮಂಥ ವಿದ್ಯಾರ್ಥಿಗಳು ಎಷ್ಟೋ ಮಂದಿ. ನಮ್ಮಲ್ಲಿ ಬಹುಜನರ ಮನೆಗಳಲ್ಲಿ ನಾವೇ ಮೊದಲು ಕಾಲೇಜಿನ ಮೆಟ್ಟಿಲನ್ನು ಹತ್ತಿದವರು. ನಮ್ಮ ತಾತಂದಿರಿಗೆ ಇಲ್ಲದಿದ್ದ ಮತ, ನಮ್ಮ ತಂದೆತಾಯಿಗಳಿಗೆ ಸಿಕ್ಕದಿದ್ದ ಅಕ್ಷರ, ಎರಡೂ ನಮಗೆ ಬಂದಿವೆ. ಆದುದರಿಂದ ಮುಂದಿನ ಮಂತ್ರಿಮಂಡಲ ರಚನೆಯಾದಾಗ ಅರಳಿಕಟ್ಟೆಯ ಪ್ರಶ್ನೆಗೆ ಇನ್ನೆರಡನ್ನು ಸೇರಿಸುವ ಹೊಣೆ ನಮ್ಮದು. ನಮ್ಮವರು ಯಾರಿದ್ದಾರೆಂದು ಕೇಳೋಣ. ಜೊತೆಗೆ, ನಮ್ಮವರಲ್ಲದವರಿಗೂ ಆ ಮೇಜಿನ ಬಳಿ ಜಾಗವಿದೆಯೇ ಎಂದು ಕೇಳೋಣ. ಕುಳಿತವರು ಯಾರಿಗೆ ಉತ್ತರ ಹೇಳುತ್ತಾರೆಂದೂ ಕೇಳೋಣ. ಚೆಂಗಲರಾಯ ರೆಡ್ಡಿಯವರ ಮೊದಲ ಪಟ್ಟಿ ಈ ಪ್ರಶ್ನೆಗಳಿಗೆಲ್ಲ ಪೂರ್ಣವಾದ ಉತ್ತರವಾಗಿರಲಿಲ್ಲ. ಆದರೆ ಅವುಗಳನ್ನು ಕೇಳಬಹುದಾದ ನಾಡೊಂದು ಆ ಪಟ್ಟಿಯಿಂದ ಆರಂಭವಾಯಿತು.